ತೇಲುವ ತಲೆಯನ್ನು ನಾನು ನಕಲು ಮಾಡಿದ್ದು ಹೀಗೆ

ಸಿಂಬಲಿಸ್ಟ್ ಚಿತ್ರಗಳನ್ನು, ಅಂದರೆ ಕನಸು, ಕಲ್ಪನೆಗಳನ್ನು ಸಂಕೇತಗಳಲ್ಲಿ ಹೇಳುವ ಚಿತ್ರಗಳನ್ನು, ನಾನು ಓದಿ ತಿಳಿದುಕೊಂಡಿದ್ದಕ್ಕಿಂತ ನಕಲು ಮಾಡಿ ತಿಳಿದುಕೊಂಡಿದ್ದೇ ಜಾಸ್ತಿ. ಅದರಲ್ಲೂ ಫ್ರೆಂಚ್ ಚಿತ್ರಕಾರ ಗುಸ್ತಾವ್ ಮೊರೊ ಅವರ ‘ಅಪರಿಷನ್’ (ಅಂದರೆ ದರ್ಶನ). 1876ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಜನರ ಮುಂದೆ ಬಂದ ಜಲವರ್ಣ ಚಿತ್ರ ಇದು. ಎತ್ತರ 106 ಸೆಂ.ಮೀ. ಜಲವರ್ಣಕ್ಕೆ ಇದು ಸಣ್ಣ ಅಳತೆಯೇನಲ್ಲ.

ಕಥೆ ಬೈಬಲಿನದು. ಅರಸ ಹೆರೋದನ ಹುಟ್ಟುಹಬ್ಬದ ಔತಣದಲ್ಲಿ ಅವನ ಹೆಂಡತಿ ಹೆರೋದ್ಯಳ ಮಗಳು ಕುಣಿಯುತ್ತಾಳೆ. ಬೇಕಾದ್ದು ಕೇಳು ಅಂತ ಹೆರೋದ ಮಾತು ಕೊಡುತ್ತಾನೆ. ತಾಯಿ ಹೇಳಿಕೊಟ್ಟಂತೆ ಅವಳು ಪ್ರವಾದಿ ಸ್ನಾನಿಕ ಯೋಹಾನನ ತಲೆ ಕೇಳುತ್ತಾಳೆ, ಅದು ಹರಿವಾಣದಲ್ಲಿ ಬರುತ್ತದೆ. ಮತ್ತಾಯ, ಮಾರ್ಕ ಇಬ್ಬರ ಸುವಾರ್ತೆಯಲ್ಲೂ ಕಥೆ ಇಷ್ಟೇ. ಆ ಹುಡುಗಿಗೆ ಸಲೋಮೆ ಅನ್ನೋ ಹೆಸರೂ ಅಲ್ಲಿಲ್ಲ, ಅದು ಇತಿಹಾಸಕಾರ ಜೋಸೆಫಸ್‌ನಿಂದ ಬಂದದ್ದು.

ಮೊರೊ ಆ ತಲೆಯನ್ನು ಹರಿವಾಣದಿಂದ ಎತ್ತಿ ಗಾಳಿಯಲ್ಲಿ ನಿಲ್ಲಿಸಿಬಿಟ್ಟರು. ಕತ್ತಿನಿಂದ ರಕ್ತ ತೊಟ್ಟಿಕ್ಕುತ್ತಿದೆ. ಸುತ್ತ ಪ್ರಭೆ. ಕಣ್ಣು ತೆರೆದೇ ಇದೆ. ಸಲೋಮೆ ಎಡಗೈ ಚಾಚಿ ಅದರತ್ತ ತೋರಿಸುತ್ತಿದ್ದಾಳೆ. ಅಲ್ಲೇ ಹೆರೋದ ಕೂತಿದ್ದಾನೆ, ರಾಣಿ ಇದ್ದಾಳೆ, ಕತ್ತಿ ಹಿಡಿದ ಕೊಲೆಗಾರ ನಿಂತಿದ್ದಾನೆ. ಅವರ್ಯಾರಿಗೂ ತಲೆ ಕಂಡ ಹಾಗಿಲ್ಲ. ಇಂಥ ಗಳಿಗೆ ಬೈಬಲಿನಲ್ಲಿ ಎಲ್ಲೂ ಇಲ್ಲ, ಅಲ್ವಾ? ನನಗೆ ಈ ಚಿತ್ರ ಹಿಡಿಸಿದ್ದೇ ಅದಕ್ಕೆ.

ಹಾಗಾಗಿ ಒಡವೆಗಳನ್ನು ಆಮೇಲೆ ನೋಡೋಣ ಅಂತ ಬಿಟ್ಟೆ. ಪೆನ್ಸಿಲ್‌ನಲ್ಲಿ ಮೊದಲು ಎಳೆದದ್ದು ಅವಳ ಕಣ್ಣಿಂದ ಅವನ ಕಣ್ಣಿಗೆ ಒಂದು ಓರೆ ಗೆರೆ. ಆ ನೋಟ ಕೂತ ಮೇಲೆಯೇ ತೋಳು, ಪಾದ, ಸಿಂಹಾಸನ, ಕಂಬ. ನೋಟ ಒಂಚೂರು ಜಾರಿದರೂ ಅವಳು ಸುಮ್ನೆ ಕುಣಿಯುತ್ತಿರುವ ಹುಡುಗಿ ಆಗಿಬಿಡುತ್ತಾಳೆ.

ಬಣ್ಣಕ್ಕೆ ಬಂದಾಗ ಪ್ರಭೆಯ ಜಾಗದಲ್ಲಿ ಕಾಗದವನ್ನು ಬಿಳಿಯಾಗೇ ಬಿಟ್ಟೆ. ಕತ್ತಲೆಗೆ ಕಪ್ಪು ಬಳಸಲಿಲ್ಲ. ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ) ಎರಡನ್ನೂ ಬೆರೆಸಿ ತೆಳುವಾಗಿ ಹಚ್ಚೋದು, ಪೂರ್ತಿ ಒಣಗಿಸೋದು, ಮತ್ತೆ ಹಚ್ಚೋದು. ಕಪ್ಪು ಟ್ಯೂಬಿನ ಕತ್ತಲೆ ಗೋಡೆಯಂತೆ ಮುಚ್ಚಿಕೊಳ್ಳುತ್ತದೆ. ಪದರದ ಕತ್ತಲೆಯಲ್ಲಿ ಇನ್ನೂ ಏನೋ ಇದೆ ಅನ್ನಿಸುತ್ತದೆ, ಈ ಚಿತ್ರಕ್ಕೆ ಬೇಕಾದದ್ದು ಅದೇ.

ಗೆರೆಯ ಪಾಠ ಸಿಕ್ಕಿದ್ದು ಪ್ಯಾರಿಸ್‌ನ ರೂ ದ ಲಾ ರೋಶ್‌ಫುಕೋ ಬೀದಿಯಲ್ಲಿ. ಮೊರೊ ಅವರ ಮನೆಯೇ ಈಗ ಮ್ಯೂಸಿಯಂ, 1903ರಿಂದ ಜನರಿಗೆ ತೆರೆದಿದೆ. ಇದೇ ವಿಷಯದ ತೈಲವರ್ಣ ಚಿತ್ರ ಅಲ್ಲಿದೆ. ಹತ್ತಿರ ಹೋಗಿ ನೋಡಿ. ಮಬ್ಬು ಬಣ್ಣದ ಮೇಲೆ ಕಂಬ, ಕಮಾನು, ಕೆತ್ತನೆ ಎಲ್ಲ ಕೂದಲೆಳೆಯಂಥ ಗೆರೆಗಳಲ್ಲಿ ಹರಡಿವೆ. ಬಣ್ಣ ಹಚ್ಚಿ ಎಷ್ಟೋ ವರ್ಷಗಳಾದ ಮೇಲೆ ಅವರು ಸೇರಿಸಿದ್ದು ಅದು. ಗೆರೆ ಒಂದು ಕಡೆ ಹೋಗುತ್ತದೆ, ಕೆಳಗಿನ ಬಣ್ಣ ಇನ್ನೊಂದು ಕಡೆ. ಅರಮನೆ ಇದೆಯೋ ಇಲ್ಲವೋ ಅನ್ನುವ ಹಾಗೆ ನಿಂತಿದೆ.

ಮೈಸೂರು ಶೈಲಿಯಲ್ಲಿ ಕಲಿತ ಕೈ ನನ್ನದು. ನಮ್ಮಲ್ಲಿ ಗೆರೆ ಮೊದಲು, ಬಣ್ಣ ಅದರೊಳಗೆ. ಇಲ್ಲಿ ಪೂರ್ತಿ ತಿರುಗುಮುರುಗು. ಬಣ್ಣವೆಲ್ಲ ಒಣಗಿದ ಮೇಲೆ ಬಿಳಿ ಗ್ವಾಷ್ (ಕೆಳಗಿನದನ್ನು ಮುಚ್ಚುವ ಜಲವರ್ಣ) ಕಲಸಿ, ಸಣ್ಣ ಸೇಬಲ್ ಕುಂಚದಲ್ಲಿ ಕೆತ್ತನೆ ಎಳೆದೆ. ಬಣ್ಣದ ಅಂಚಿಗೆ ಗೆರೆಯನ್ನು ಬೇಕಂತಲೇ ಕೂರಿಸಲಿಲ್ಲ. ಅಂಚಿಗೆ ಅಂಟಿದ ಗೆರೆ ಕಲ್ಲಿನ ಕಂಬ ಕಟ್ಟುತ್ತದೆ, ಅಂಚು ಬಿಟ್ಟ ಗೆರೆ ಕನಸಿನ ಕಂಬ ಕಟ್ಟುತ್ತದೆ. ತಲೆಯ ಹತ್ತಿರ ಗೆರೆ ಕಡಿಮೆ ಮಾಡುತ್ತ ಬಂದೆ, ಇಲ್ಲದಿದ್ದರೆ ಕಣ್ಣು ಕೆತ್ತನೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ನೀವೂ ಮೊರೊ ನಕಲು ಮಾಡುವುದಾದರೆ ‘ಜುಪಿಟರ್ ಮತ್ತು ಸೆಮೆಲೆ’ಗೆ ಈಗಲೇ ಕೈ ಹಾಕಬೇಡಿ. ಅದರಲ್ಲಿ ಒಡವೆ, ಹೂವು, ದೇವತೆಗಳ ಸಂತೆಯೇ ಇದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 1864ರ ‘ಈಡಿಪಸ್ ಮತ್ತು ಸ್ಫಿಂಕ್ಸ್’ ತೆಗೆದುಕೊಳ್ಳಿ. ಹೆಣ್ಣಿನ ಮುಖ, ಸಿಂಹದ ಮೈ, ರೆಕ್ಕೆ ಇರುವ ಗ್ರೀಕ್ ಪುರಾಣದ ಸ್ಫಿಂಕ್ಸ್ ಈಡಿಪಸ್‌ನ ಎದೆಗೆ ಪಂಜ ಊರಿ ನೇತಾಡುತ್ತಿದೆ, ಇಬ್ಬರೂ ಕಣ್ಣಲ್ಲಿ ಕಣ್ಣಿಟ್ಟಿದ್ದಾರೆ. ಅಲ್ಲೂ ಮೊದಲು ಆ ನೋಟದ ಗೆರೆ ಎಳೆಯಿರಿ. ರೆಕ್ಕೆ, ಬಂಡೆ, ಕೆಳಗೆ ಬಿದ್ದಿರುವ ಸತ್ತವರ ಕೈಕಾಲು ಎಲ್ಲ ಆಮೇಲೆ.