ಒಂದೇ ಅಳತೆ, ಮೂರು ಕಡತ: ಪಿಪಿಪಿ ಫುಟ್‌ಪಾತ್ ಮುಗಿಸಿದ ಬಗೆ

ಪಾಲಿಕೆ, ಬೆಸ್ಕಾಂ, ಜಲಮಂಡಳಿ, ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುವ ಕಂಪನಿ, ಟ್ರಸ್ಟ್, ಗುತ್ತಿಗೆದಾರ. ಇಷ್ಟು ಜನ ಒಂದೇ ರಸ್ತೆಯಲ್ಲಿ ಕೆಲಸ ಮುಗಿಸಿದ್ದುಂಟಾ ಅಂತ ನಕ್ಕವರೇ ಹೆಚ್ಚು. ಸರ್ಕಾರಿ-ಖಾಸಗಿ ಸಹಭಾಗಿತ್ವದ (ಪಿಪಿಪಿ) ಈ ಫುಟ್‌ಪಾತ್ ಮುಗಿಸಿದ್ದೇವೆ. ಕಿಲೋಮೀಟರಿಗೆ ತುಸು ಕಡಿಮೆ, ಎರಡೂ ಬದಿ, ಹೆಚ್ಚುಕಮ್ಮಿ ನಾಲ್ಕು ಕೋಟಿ. ಚರಂಡಿ ಪಾಲಿಕೆ ದುಡ್ಡಲ್ಲಿ, ಮೇಲಿನ ಹಾಸು ಸಿಎಸ್‌ಆರ್‌ನಲ್ಲಿ. ಕೇಬಲ್, ಪೈಪುಗಳನ್ನು ಫುಟ್‌ಪಾತ್ ಕೆಳಗೆ ಜೋಡಿಸಿದ ಟೆಂಡರ್‌ಶ್ಯೂರ್ ಮಾದರಿ ರಸ್ತೆಗಳನ್ನು ಎಲ್ಲರೂ ನೋಡಿದ್ದೀರಿ, ನೆಲದಡಿ ಯಾವುದು ಎಲ್ಲಿ ಅನ್ನುವ ಅಡ್ಡಕೊಯ್ತದ ವಿವರ ಬೇಡ.

ತಿಂಗಳಿಗೊಂದು ಸಮನ್ವಯ ಸಭೆ ದಂಡ. ನಡಾವಳಿ ಅಚ್ಚುಕಟ್ಟಾಗಿ ಬರುತ್ತಿತ್ತು, ಪೈಪು ಇದ್ದಲ್ಲೇ ಇತ್ತು. ವಾಟ್ಸಾಪ್ ಗುಂಪು ಇನ್ನೂ ಕಡೆ: ಫೋಟೋ ಹಾಕಿದರೆ ‘ನೋಟೆಡ್ ಸರ್’, ಅಷ್ಟೇ. ಯಾರಿಗೂ ಮನಸ್ಸಿಲ್ಲ ಅಂತಲ್ಲ, ಒಬ್ಬೊಬ್ಬರ ಭಯ ಒಂದೊಂದು ಕಾಗದದ್ದು. ಪಾಲಿಕೆ ಎಂಜಿನಿಯರಿಗೆ ಅಳತೆ ಪುಸ್ತಕ (ಎಂ.ಬಿ.), ಬೆಸ್ಕಾಂಗೆ ಎಸ್ಟಿಮೇಟ್ ಮಂಜೂರಾತಿ, ಕಂಪನಿಗೆ ಹಣ ಬಳಕೆಯಾಗಿದೆ ಅಂತ ಅದರ ಮುಖ್ಯ ಹಣಕಾಸು ಅಧಿಕಾರಿ (ಸಿಎಫ್‌ಒ) ಕೊಡಬೇಕಾದ ದೃಢೀಕರಣ. ಅಳತೆಯೂ ಒಬ್ಬರದು ಚದರಮೀಟರ್, ಇನ್ನೊಬ್ಬರದು ಕೇಬಲ್ ಮೀಟರ್, ಮತ್ತೊಬ್ಬರದು ಕೆಲಸ ಮುಗಿದ ಹಂತ. ಬಿಲ್ ನಿಂತಿದ್ದು ಅಲ್ಲಿ.

ಹಾಗಾಗಿ ನೆಲದಡಿ ಏನಿದೆ ಅಂತ ನೋಡಲು ಸುಮಾರು 25 ಮೀಟರಿಗೊಂದು ಗುಂಡಿ (ಟ್ರಯಲ್ ಪಿಟ್) ಹೊಡೆಸಿದೆವು. 1.2 ಮೀಟರ್ ಆಳ, ಕೈಯಲ್ಲೇ, ಜೆಸಿಬಿ ಮುಟ್ಟಿಸಲಿಲ್ಲ. ಎರಡೂವರೆ ಲಕ್ಷದ ಹತ್ತಿರ ಹೋಯಿತು. ಎರಡು ಸಂಸ್ಥೆಗಳ ಲೈನ್ ಅಡ್ಡಹಾಯುವ ಕಡೆಯೆಲ್ಲ ಬಣ್ಣದಲ್ಲಿ ನಂಬರ್. ಅರವತ್ತರ ಆಸುಪಾಸು ಬಂತು. ಪ್ರತಿ ನಂಬರಿಗೂ ಮೊದಲು ಯಾರ ಕೆಲಸ, ಯಾವ ಹುದ್ದೆಯವರ ಸಹಿ, ಸಹಿಯಾಗುವ ತನಕ ಗುತ್ತಿಗೆದಾರರಿಗೆ ಎಷ್ಟು ಹಣ ತಡೆ ಎಂದು ಬರೆದೆವು. ಹೆಸರು ಬರೆಯಬೇಡಿ, ವರ್ಗಾವಣೆಯಾದರೆ ಪಟ್ಟಿ ಸತ್ತಂತೆ.

17ನೇ ನಂಬರ್ ನೋಡಿ. ಒಳಚರಂಡಿ ಚೇಂಬರ್ ಕುತ್ತಿಗೆಗೆ ಒತ್ತಿಕೊಂಡೇ 11 ಕೆವಿ ಕೇಬಲ್, ನಡುವೆ ಮನೆ ನಲ್ಲಿಯ ಪೈಪು. ಮೊದಲು ಲೈನ್ ಕ್ಲಿಯರ್ (ವಿದ್ಯುತ್ ನಿಲ್ಲಿಸಿ ಕೊಡುವ ಕೆಲಸದ ಅನುಮತಿ), ಆಮೇಲೆ ಕೇಬಲ್ ಸರಿಸಿ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನೊಳಗೆ, ಆಮೇಲೆ ನಲ್ಲಿ, ಆಮೇಲೆ ಚೇಂಬರ್ ಎತ್ತರಿಸೋದು, ಕೊನೆಗೆ ಹಾಸು. ಚೇಂಬರ್ ಮೊದಲು ಎತ್ತರಿಸಿದರೆ ಕೇಬಲ್ ಸರಿಸಲು ಜಾಗವೇ ಉಳಿಯದು. ಹೊಸ ಹಾಸು ಒಡೆಯಬೇಕು. ನಗರದಲ್ಲಿ ಹೊಸ ಫುಟ್‌ಪಾತ್ ಅಗೆಯೋದು ಎಷ್ಟೋ ಸಲ ಇದಕ್ಕೇ.

ಹಣದ ಕೀಲಿ ಇಷ್ಟೇ: ನಂಬರೊಂದಕ್ಕೆ ಮೂವತ್ತು ನಲವತ್ತು ಸಾವಿರ ತಡೆ. ಪಾಲಿಕೆ, ಬೆಸ್ಕಾಂ, ಕಂಪನಿ ಮೂರೂ ಕಡೆಯವರು ಸ್ಥಳದಲ್ಲೇ ಒಂದೇ ಹಾಳೆಯಲ್ಲಿ ಜಂಟಿ ಅಳತೆಗೆ ಸಹಿ ಹಾಕಿದರೆ ವಾರದೊಳಗೆ ಟ್ರಸ್ಟ್ ಖಾತೆಯಿಂದ ಬಿಡುಗಡೆ. ಅದೇ ಹಾಳೆಯ ಪ್ರತಿ ಎಂ.ಬಿ.ಗೆ, ಬೆಸ್ಕಾಂ ಕಡತಕ್ಕೆ, ಸಿಎಫ್‌ಒಗೆ. ಗುತ್ತಿಗೆದಾರರು ಮೊದಲು ಕೂಗಾಡಿದರು. ವಾರಕ್ಕೆ ದುಡ್ಡು ಬರುತ್ತೆ ಅಂತ ಕಂಡ ಮೇಲೆ ಸಹಾಯಕ ಎಂಜಿನಿಯರುಗಳನ್ನು ಬೆಳಿಗ್ಗೆ ಏಳಕ್ಕೇ ಕರೆತಂದವರು ಅವರೇ. ಸಮನ್ವಯಾಧಿಕಾರಿ ಅಂತ ಬೇರೆ ಸಂಬಳ ಕೊಡಲಿಲ್ಲ.

ವಾರಸುದಾರರು ಯಾರೆಂದು ಗೊತ್ತಿಲ್ಲದ ಇಂಟರ್ನೆಟ್ ಫೈಬರ್ ಕೇಬಲ್‌ಗೆ (ಓಎಫ್‌ಸಿ) ನೋಟಿಸ್ ಕೊಟ್ಟು ಪ್ರಯೋಜನವಿಲ್ಲ. ಒಂದೂ ಎಳೆ ಕತ್ತರಿಸದೆ ಮಾಲೀಕರನ್ನು ಬರಿಸಿದೆವು. ಹೇಗೆ ಅನ್ನೋದು ಇಲ್ಲಿ ಬೇಡ.

ಚೇಂಬರ್ ಮುಚ್ಚಳಕ್ಕೆ ಕ್ಯೂಆರ್ ಅಂಟಿಸಿಯೂ ನೋಡಿದೆವು, ಒಂದು ಮಳೆಗಾಲಕ್ಕೆ ಮಣ್ಣುಪಾಲು. ಲೈನ್ ಮೇಲೆ ಹೂಳುವ ಬಣ್ಣದ ಎಚ್ಚರಿಕೆ ಟೇಪ್ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ.

ಕೊನೆಯ ಸಹಿಗಳನ್ನು ಮಾರ್ಚ್ ಎರಡನೇ ವಾರದೊಳಗೆ ಮುಗಿಸಿ, ಆಮೇಲೆ ಎಂಜಿನಿಯರುಗಳು ಬಿಲ್ ಗಡಿಬಿಡಿಯಲ್ಲಿ ಸಿಗೋದಿಲ್ಲ. ಕೆಲಸ ಮಾರ್ಚ್ 31 ದಾಟುವ ಸೂಚನೆಯಿದ್ದರೆ ಕಂಪನಿ ಮಂಡಳಿಯಿಂದ ‘ಮುಂದುವರಿಯುವ ಯೋಜನೆ’ ಅಂತ ಮೊದಲೇ ನಿರ್ಣಯ ಮಾಡಿಸಿಡಿ. ಆಗ ಉಳಿದ ಹಣ ಏಪ್ರಿಲ್ 30ರೊಳಗೆ ಖರ್ಚಾಗದ ಸಿಎಸ್‌ಆರ್ ಹಣಕ್ಕೆಂದೇ ಇರುವ ಅನ್‌ಸ್ಪೆಂಟ್ ಖಾತೆಗೆ ಹೋಗಿ ಅದೇ ಕೆಲಸಕ್ಕೆ ಸಿಗುತ್ತೆ.