ಮಲ್ಪೆಯ ರೂಮಿನಲ್ಲಿ ಒಂದೇ ಒಲೆಯ ಅಡುಗೆ

ಊರಿನ ಮನೆ ಪಾಲಾಗಿ, ಕೊನೆಗೆ ಮಾರಿಯೂ ಹೋದ ಮೇಲೆ ಬೇಸಿಗೆ ರಜೆಗೆ ನಾವು ಉಡುಪಿಗೆ ಬಂದರೆ ಇಳಿದುಕೊಳ್ಳುವುದು ಬಾಡಿಗೆ ರೂಮಿನಲ್ಲಿ. ಮಲ್ಪೆಯಲ್ಲೋ ಪಡುಕೆರೆಯಲ್ಲೋ, ಅಡುಗೆಗೆ ಒಂದು ಮೂಲೆ ಇರುವ ರೂಮನ್ನೇ ಹುಡುಕುತ್ತೇನೆ. ಆ ಮೂಲೆಯಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಒಂದು ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್, ಸೊಂಟದೆತ್ತರದ ಫ್ರಿಜ್, ಸಿಂಕು, ನಾಲ್ಕು ತಟ್ಟೆ, ಹಿಡಿ ಅಲ್ಲಾಡುವ ಒಂದು ಬಾಣಲೆ. ಗ್ಯಾಸ್ ಇಲ್ಲ, ಮಿಕ್ಸಿ ಇಲ್ಲ. ಅಡುಗೆ ನನ್ನದು. ರಜೆಯಲ್ಲಿ ಸೌಟು ಮುಟ್ಟುವುದಿಲ್ಲ ಎಂಬುದು ಹೆಂಡತಿಯ ಶರತ್ತು, ಅದು ನ್ಯಾಯವೂ ಹೌದು. ಜೊತೆಗೆ ಅಮ್ಮ ಮತ್ತು ಇಬ್ಬರು ಮಕ್ಕಳು.

ಉಡುಪಿಗೆ ಬಂದು ರೂಮಿನಲ್ಲಿ ಬೇಯಿಸುವುದೇ ಎಂದು ಬೆಂಗಳೂರಿನ ಗೆಳೆಯರು ನಗುತ್ತಾರೆ. ಮಧ್ಯಾಹ್ನ ನಾನೂ ಬೇಯಿಸುವುದಿಲ್ಲ. ಕೃಷ್ಣಮಠದ ಊಟವಿದೆ, ಬಾಳೆಎಲೆಯ ಮೇಲೆ ಮೀನೂಟ ಬಡಿಸುವ ಹೋಟೆಲುಗಳಿವೆ, ಸಂಜೆಗೆ ಮಿತ್ರ ಸಮಾಜ ಹೋಟೆಲಿನ ಗೋಳಿಬಜೆ ಇದೆ. ಅದನ್ನೆಲ್ಲ ಬಿಟ್ಟು ಬಾಣಲೆ ಮುಂದೆ ನಿಲ್ಲುವುದಕ್ಕೆ ನನಗೇನು ಹರಕೆಯೇ? ಆದರೆ ಬೆಳಿಗ್ಗೆ ಮಕ್ಕಳು ಒಬ್ಬರು ಆರಕ್ಕೆ, ಇನ್ನೊಬ್ಬರು ಒಂಬತ್ತಕ್ಕೆ ಏಳುತ್ತಾರೆ. ರಾತ್ರಿ ಅಮ್ಮನಿಗೆ ಹೋಟೆಲಿನ ಎಣ್ಣೆ ಆಗುವುದಿಲ್ಲ, ಏಳೂವರೆಯ ಮೇಲೆ ಉಣ್ಣುವುದೂ ಇಲ್ಲ. ಹಾಗಾಗಿ ಮಧ್ಯಾಹ್ನ ಹೊರಗೆ, ಬೆಳಿಗ್ಗೆ ಮತ್ತು ರಾತ್ರಿ ರೂಮಿನಲ್ಲಿ ಎಂದು ಇಟ್ಟುಕೊಂಡಿದ್ದೇನೆ. ಒಂದು ಹೊತ್ತಿಗೆ ಒಲೆಯ ಮೇಲೆ ಒಂದೇ ಪಾತ್ರೆ ಏರಬೇಕು, ಉಳಿದದ್ದು ಬೆಂಕಿಯಿಲ್ಲದೆ ಆಗಬೇಕು. ನಮ್ಮ ಕರಾವಳಿಯ ಅಡುಗೆಯಲ್ಲಿ ಬೆಂಕಿ ಬೇಡದ ಪದಾರ್ಥಗಳು ಎಷ್ಟಿವೆ ಎಂದು ತಿಳಿಯಬೇಕಾದರೆ ಇಂಥ ಒಂದು ಮೂಲೆಯಲ್ಲಿ ನಿಂತು ನೋಡಬೇಕು.

ಮನೆಯಿಂದ ಒಯ್ಯುವ ಸಾಮಾನಿನಲ್ಲಿ ಮುಖ್ಯವಾದದ್ದು ಮೂರು ಲೀಟರಿನ ಸ್ಟೀಲ್ ಕುಕ್ಕರ್. ಇಂಡಕ್ಷನ್ ಒಲೆಗೆ ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಯಾವುದೂ ಆಗದು. ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚಿದರೆ ಮಾತ್ರ ಪಾತ್ರೆ ಕಾಯುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸುವ ಗೊಂಬೆಯೇ ಈ ಪರೀಕ್ಷೆಗೆ ಸಾಕು. ಒಗ್ಗರಣೆ ಸೌಟೂ ಈ ಒಲೆಯಲ್ಲಿ ನಡೆಯುವುದಿಲ್ಲ, ಅಷ್ಟು ಸಣ್ಣ ತಳವನ್ನು ಒಲೆ ಪಾತ್ರೆ ಎಂದೇ ಒಪ್ಪುವುದಿಲ್ಲ. ಅದಕ್ಕಾಗಿ ಒಗ್ಗರಣೆಯನ್ನು ಬೆಂಗಳೂರಿನಲ್ಲೇ ಮಾಡಿ ಬಾಟಲಿಗೆ ತುಂಬುತ್ತೇನೆ: ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಮುರಿದ ಬ್ಯಾಡಗಿ ಮೆಣಸು, ತೊಳೆದು ಚೆನ್ನಾಗಿ ಒಣಗಿಸಿದ ಕರಿಬೇವು. ಎಲೆಯಲ್ಲಿ ನೀರಿನ ಪಸೆ ಉಳಿಯದಂತೆ ಗರಿಗರಿ ಆಗುವವರೆಗೆ ಹುರಿದರೆ ರಜೆ ಮುಗಿಯುವವರೆಗೆ ಕೆಡದು. ಬೇಕಾದಾಗ ಒಂದು ಚಮಚ ಸುರಿದರಾಯಿತು.

ಕರೆಂಟಿನ ಲೆಕ್ಕ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಇಂಡಕ್ಷನ್ ಸುಮಾರು 2000 ವಾಟ್, ಕೆಟಲ್ 1500, ಎಸಿ ಇನ್ನೊಂದು 1500. ಮೂರೂ ಸೇರಿದರೆ 5000. 230 ವೋಲ್ಟಿನಲ್ಲಿ 16 ಆಂಪಿಯರಿನ ಒಂದು ಲೈನು ತಡೆಯುವುದು 3680 ವಾಟ್ ಅಷ್ಟೇ, ಆಮೇಲೆ ಸ್ವಿಚ್ಚು ಬೀಳುತ್ತದೆ. ಎಲ್ಲವೂ ಒಂದೇ ಲೈನಿನಲ್ಲಿರುವ ರೂಮುಗಳು ಬೇಕಾದಷ್ಟಿವೆ. ಆದ್ದರಿಂದ ಮೊದಲು ಕೆಟಲ್, ಅದು ನಿಂತ ಮೇಲೆ ಒಲೆ. ಇಂಡಕ್ಷನ್ನನ್ನು ಮೊಬೈಲ್ ಚಾರ್ಜಿಗೆಂದು ಇಟ್ಟ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಲೇಬಾರದು. ಹಾಗೆಯೇ ಕೆಟಲಿನಲ್ಲಿ ಹಾಲು ಕಾಯಿಸುವುದು, ನೂಡಲ್ಸ್ ಬೇಯಿಸುವುದು ಮಾಡಬೇಡಿ. ತಳ ಹಿಡಿದರೆ ಮುಂದೆ ಬರುವವರ ಚಹಾಕ್ಕೂ ಅದೇ ವಾಸನೆ.

ಇನ್ನು ಬೆಳಗಿನ ತಿಂಡಿ. ನನ್ನ ಮಟ್ಟಿಗೆ ರಾಜ ಎಂದರೆ ಕಲಸಿದ ಅವಲಕ್ಕಿ. ಒಲೆಯೇ ಬೇಡ. ಪುಡಿ ಮನೆಯಿಂದ ಬರುತ್ತದೆ: ನಾಲ್ಕು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಏಳೆಂಟು ಬ್ಯಾಡಗಿ ಮೆಣಸು, ಚಿಟಿಕೆ ಮೆಂತೆ, ಇಷ್ಟನ್ನು ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿದ್ದು. ರೂಮಿನಲ್ಲಿ ಅರ್ಧ ಲೋಟ ಕಾಯಿತುರಿಗೆ ಎರಡು ಚಮಚ ಬೆಲ್ಲದ ಪುಡಿ, ಉಪ್ಪು, ಒಂದೂವರೆ ಚಮಚ ಈ ಪುಡಿ, ಬಾಟಲಿಯ ಒಗ್ಗರಣೆ ಹಾಕಿ ಕೈಯಲ್ಲೇ ಚೆನ್ನಾಗಿ ಹಿಸುಕಬೇಕು. ಕಾಯಿಯ ಹಾಲು ಹೊರಟು ಬೆಲ್ಲ ಕರಗಿ ಎಲ್ಲ ಒದ್ದೆಯಾಗುತ್ತದೆ. ಆಮೇಲೆ ಎರಡು ಲೋಟ ತೆಳು ಅವಲಕ್ಕಿ ಸೇರಿಸಿ ಹಗುರವಾಗಿ ಕಲಸಿದರೆ ಮುಗಿಯಿತು, ನೀರು ಒಂದು ಹನಿಯೂ ಬೇಡ. ತಟ್ಟೆ ಮುಂದಿಟ್ಟುಕೊಂಡು ಕೂತ ಮೇಲೆಯೇ ಅವಲಕ್ಕಿ ಹಾಕಬೇಕು. ಅಮ್ಮ ಮಂಚದ ಮೇಲಿಂದಲೇ ಹೇಳುತ್ತಾರೆ, "ಅವಲಕ್ಕಿ ಕಡೆಗೆ ಹಾಕು ಮಾರಾಯ, ಈಗಲೇ ಹಾಕಿದರೆ ಮುದ್ದೆ ಆಗ್ತದೆ." ಒಂಬತ್ತಕ್ಕೆ ಏಳುವ ಮಗಳ ಪಾಲಿನ ಕಾಯಿ ಮಿಶ್ರಣವನ್ನು ಮಾತ್ರ ಫ್ರಿಜ್‌ನಲ್ಲಿಡುತ್ತೇನೆ, ಅವಳು ಹಲ್ಲುಜ್ಜಿ ಬಂದ ಮೇಲೆ ಅವಲಕ್ಕಿ ಸೇರುತ್ತದೆ.

ಕೆಲವು ದಿನ ಸಜ್ಜಿಗೆ, ಘಟ್ಟದ ಮೇಲಿನವರ ಉಪ್ಪಿಟ್ಟು. ರವೆಯನ್ನು ಎಣ್ಣೆ, ಸಾಸಿವೆ, ಉದ್ದಿನಬೇಳೆ, ಮೆಣಸು ಸಮೇತ ಮನೆಯಲ್ಲೇ ಘಮ್ಮೆನ್ನುವಂತೆ ಹುರಿದು ತಂದಿರುತ್ತೇನೆ. ಒಂದು ಲೋಟ ರವೆಯನ್ನು ಬಾಣಲೆಗೆ ಹಾಕಿ ಬಿಸಿ ಮಾಡಿ, ಕೆಟಲಿನಿಂದ ಎರಡೂವರೆ ಲೋಟ ಕುದಿನೀರು, ಉಪ್ಪು, ಚೂರು ಸಕ್ಕರೆ ಹಾಕಿ ತಿರುವಿ ಮುಚ್ಚಿದರೆ ಐದು ನಿಮಿಷ. ಅದರ ಮೇಲೆ ಕಲಸಿದ ಅವಲಕ್ಕಿ ಒಂದು ಮುಷ್ಟಿ ಉದುರಿಸಿದರೆ ಮಂಗಳೂರು ಹೋಟೆಲುಗಳ ಸಜ್ಜಿಗೆ ಬಜಿಲ್. ಮೆತ್ತಗಿನದರ ನಡುವೆ ಖಾರ, ಸಿಹಿ, ಗರಿ ಎಲ್ಲ ಸಿಗುವ ಈ ಜೋಡಿಯನ್ನು ಕಂಡುಹಿಡಿದವರಿಗೆ ನಮಸ್ಕಾರ.

ನೀರುದೋಸೆಯ ಆಸೆ ರೂಮಿನಲ್ಲಿ ಬೇಡ. ಅಕ್ಕಿಹಿಟ್ಟು ಕಲಸಿ ಹೊಯ್ದರೂ ದೋಸೆ ಏಳುತ್ತದೆ ಎನ್ನುವವರಿದ್ದಾರೆ. ಏಳುತ್ತದೆ, ಆದರೆ ನೆನೆಸಿ ರುಬ್ಬಿದ ಅಕ್ಕಿಯ ಮೃದುತನ ಅದಕ್ಕಿಲ್ಲ. ನೀರುದೋಸೆ ತಿನ್ನಬೇಕಾದರೆ ಹೋಟೆಲಿಗೇ ಹೋಗುವುದು ಮರ್ಯಾದೆ. ಒಣ ಅಕ್ಕಿ ಶಾವಿಗೆಯ ಪೊಟ್ಟಣ ಮಾತ್ರ ಒಂದಿರಲಿ. ಕುದಿನೀರಿನಲ್ಲಿ ಮೆತ್ತಗೆ ಮಾಡಿ, ಬಸಿದು, ಡಬ್ಬಿಯ ಕಾಯಿಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಮೇಲೆ ಹೊಯ್ದರೆ ಮಕ್ಕಳು ಸದ್ದಿಲ್ಲದೆ ತಿನ್ನುತ್ತಾರೆ. ಅದೇ ಕಾಯಿಹಾಲಿಗೆ ಏಲಕ್ಕಿಬಾಳೆ ಹೆಚ್ಚಿ ಹಾಕಿದರೆ ರಸಾಯನ.

ರಾತ್ರಿ ಗಂಜಿ. ಕುಚ್ಚಲಕ್ಕಿಗೆ ಹೊತ್ತು ಹಿಡಿಯುತ್ತದೆ ಎಂದು ರೂಮಿನಲ್ಲಿ ಯಾರೂ ಕೈಹಾಕುವುದಿಲ್ಲ. ತೆರೆದ ಪಾತ್ರೆಯಲ್ಲಾದರೆ ಮುಕ್ಕಾಲು ಗಂಟೆಗೂ ಮೇಲೆಯೇ. ನಾನು ಮಧ್ಯಾಹ್ನ ಊಟಕ್ಕೆ ಹೊರಡುವಾಗ ಒಂದು ಲೋಟ ಅಕ್ಕಿ ತೊಳೆದು, ಕೆಟಲಿನ ಬಿಸಿನೀರು ಹೊಯ್ದು ಕುಕ್ಕರಿನಲ್ಲೇ ಮುಚ್ಚಿಟ್ಟು ಹೋಗುತ್ತೇನೆ. ಸಂಜೆ ಆ ನೀರು ಚೆಲ್ಲಿ, ಹೊಸದಾಗಿ ಐದು ಲೋಟ ನೀರು, ಅರ್ಧ ಚಮಚ ಎಣ್ಣೆ. ಎಣ್ಣೆ ಹಾಕದಿದ್ದರೆ ಸೀಟಿಯ ಜೊತೆಗೆ ಗಂಜಿತೆಳಿಯೂ ಹಾರಿ ಒಲೆಯ ಗಾಜಿನ ಮೇಲೆ ಅಂಟುತ್ತದೆ. ಮಧ್ಯಮ ಉರಿಯಲ್ಲಿ ಆರು ಸೀಟಿ, ಮತ್ತೆ ಒಲೆ ಆರಿಸಿ ಪ್ರೆಶರ್ ತಾನಾಗಿ ಇಳಿಯುವವರೆಗೆ ಮುಟ್ಟುವುದಿಲ್ಲ. ಆ ಹೊತ್ತಿಗೆ ಒಂದು ಸುತ್ತು ಬೀಚಿಗೆ ಹೋಗಿ ಬರಬಹುದು. ಅಗುಳು ಅರಳಿರುತ್ತದೆ, ತೆಳಿ ದಪ್ಪಗೆ ಕೆನ್ನೀರಾಗಿರುತ್ತದೆ.

ಅದೇ ಕುಕ್ಕರಿನೊಳಗೆ ಅಕ್ಕಿಯ ಮೇಲೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಮಟ್ಟು ಗುಳ್ಳ. ಕಟಪಾಡಿಯ ಹತ್ತಿರದ ಮಟ್ಟು ಗ್ರಾಮದ ಈ ದುಂಡನೆಯ ಹಸಿರು ಬದನೆಯ ಬೀಜವನ್ನು ಸೋದೆ ಮಠದ ಯತಿ ವಾದಿರಾಜರು ಕೊಟ್ಟರೆಂದು ಊರವರ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ರಥಬೀದಿಯ ಆಸುಪಾಸಿನ ತರಕಾರಿ ಅಂಗಡಿಯಲ್ಲಿ ಕೇಳಿದರೆ ಬೇಸಿಗೆಯಲ್ಲಿ ಸಿಗುತ್ತದೆ. ನಿಜವಾಗಿ ಅದನ್ನು ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಬೇಕು, ಇಂಡಕ್ಷನ್ನಿನಲ್ಲಿ ಉರಿಯೇ ಇಲ್ಲದ್ದರಿಂದ ಸುಡುವ ಮಾತಿಲ್ಲ. ಬೇಯಿಸಿದರೂ ರುಚಿ ಕಮ್ಮಿಯಿಲ್ಲ. ಹುಳ ನೋಡಿ ಎರಡು ಹೋಳು ಮಾಡಿ ಬೇಯಲು ಇಟ್ಟರೆ ಗಂಜಿಯ ಆರು ಸೀಟಿಗೆ ಬೆಣ್ಣೆಯಂತಾಗುತ್ತದೆ. ಅದನ್ನು ಸೌಟಿನ ಹಿಂಬದಿಯಿಂದ ಮಸೆದು, ಹುಣಸೆ ಹುಳಿ, ಉಪ್ಪು, ಹೆಚ್ಚಿದ ಹಸಿಮೆಣಸು, ಚೂರು ಬೆಲ್ಲ, ಹಸಿ ನೀರುಳ್ಳಿ ಹಾಕಿ, ಕೊನೆಗೆ ಒಂದು ಚಮಚ ಹಸಿ ತೆಂಗಿನೆಣ್ಣೆ. ಆ ಎಣ್ಣೆಯನ್ನು ಮಾತ್ರ ಬಿಡಬೇಡಿ. ಗಂಜಿ, ಗುಳ್ಳದ ಗೊಜ್ಜು, ಮಿಡಿ ಉಪ್ಪಿನಕಾಯಿ ಇದ್ದ ರಾತ್ರಿ ಅಮ್ಮ ಎರಡನೇ ಸಲ ಬಡಿಸಿಕೊಳ್ಳುತ್ತಾರೆ.

ಗುಳ್ಳ ಇಲ್ಲದ ದಿನಕ್ಕೆ ಮೆಂತೆ ತಂಬುಳಿ. ಮಿಕ್ಸಿ ಇಲ್ಲದೆ ತಂಬುಳಿ ಹೇಗೆ ಎನ್ನಬೇಡಿ, ಮೆಂತೆ ಮತ್ತು ಜೀರಿಗೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಪುಡಿ ಮಾಡಿ ತಂದರೆ ಕಡೆದ ಮಜ್ಜಿಗೆಗೆ ಒಂದು ಚಮಚ ಬೆರೆಸಿದರೆ ಸಾಕು. ಕಾಯಿ ಅರೆದು ಹಾಕಿದಷ್ಟು ದಪ್ಪ ಬಾರದು, ಆದರೆ ಸೆಕೆಯ ರಾತ್ರಿಗೆ ತೆಳುವೇ ಒಳ್ಳೆಯದು. ಇನ್ನೊಂದು ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಸಾರು. ಆರೇಳು ಒಣಸಿಪ್ಪೆಗೆ ಕುದಿನೀರು ಹೊಯ್ದು ಕಾಲು ಗಂಟೆ ಬಿಟ್ಟು, ಸೀಳಿದ ಹಸಿಮೆಣಸು, ಬೆಲ್ಲ, ಉಪ್ಪು ಹಾಕಿ ಒಂದು ಕುದಿ, ಮೇಲೆ ಒಗ್ಗರಣೆ. ಬೇಳೆ ಬೇಡ, ಪುಡಿ ಬೇಡ. ಅದೇ ಸಿಪ್ಪೆಯ ನೀರಿಗೆ ಸಕ್ಕರೆ ಹಾಕಿ ತಣಿಸಿ ಸ್ಟೀಲ್ ಬಾಟಲಿಯಲ್ಲಿ ತುಂಬಿದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದಿನದ ಪಾನಕ. ಅಲ್ಲಿನ ಬಿಸಿಲಿಗೆ ಬಾಟಲಿ ದೋಣಿ ಇಳಿಯುವ ಮೊದಲೇ ಖಾಲಿ.

ಮೀನಿನ ವಿಷಯಕ್ಕೆ ಬರುತ್ತೇನೆ. ನಾವು ಮೀನು ತಿನ್ನುವವರೇ, ಮಲ್ಪೆ ಬಂದರು ಕೂಗಳತೆಯಲ್ಲೇ ಇದೆ. ಆದರೂ ರೂಮಿನಲ್ಲಿ ಹುರಿಯುವುದಿಲ್ಲ. ರೂಮಿನ ಯಜಮಾನರು ಬೀಗದಕೈ ಕೊಡುವಾಗಲೇ ಹೇಳಿದ್ದರು: "ಮೀನು ಹುರಿಯುದು ಮಾತ್ರ ಬೇಡ ಆಯ್ತಾ, ಪರದೆಗೆ ಹಿಡಿದ ವಾಸನೆ ಹೋಗುದಿಲ್ಲ." ಅವರು ಹೇಳದಿದ್ದರೂ ನಾನು ಹುರಿಯುತ್ತಿರಲಿಲ್ಲ. ಹಾಸಿಗೆಯಿಂದ ನಾಲ್ಕು ಅಡಿ ದೂರದಲ್ಲಿ ಬಂಗುಡೆ ಹುರಿದರೆ ರಾತ್ರಿಯಿಡೀ ಬಂಗುಡೆಯ ಜೊತೆಗೇ ಮಲಗಬೇಕು. ಗಂಜಿಗೆ ನೆಂಚಿಕೊಳ್ಳಲು ಮನೆಯಲ್ಲೇ ಮಾಡಿದ ಒಣಸಿಗಡಿ ಚಟ್ನಿಪುಡಿಯನ್ನು ಗಟ್ಟಿ ಮುಚ್ಚಳದ ಬಾಟಲಿಯಲ್ಲಿ ತರುತ್ತೇನೆ. ತಾಜಾ ಮೀನು ಮಧ್ಯಾಹ್ನದ ಹೋಟೆಲಿಗೆ ಸೇರಿದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ, ಮೀನಿಗೆಂದೇ ಬರುವವರು ಅದಕ್ಕೆ ಮೊದಲೇ ಬನ್ನಿ.

ಸಂಜೆ ಐದಕ್ಕೆ ನೀರಾಟ ಮುಗಿಸಿ ಬಂದ ಮಕ್ಕಳ ಹಸಿವು ಕಾಯುವಂಥದ್ದಲ್ಲ. ಅದಕ್ಕೆ ಚರುಮುರಿ. ಮಂಡಕ್ಕಿ, ಸಣ್ಣಗೆ ಹೆಚ್ಚಿದ ನೀರುಳ್ಳಿ ಮತ್ತು ಟೊಮೆಟೊ, ತುರಿದ ಕ್ಯಾರೆಟ್, ಹುರಿದ ನೆಲಗಡಲೆ, ಮೆಣಸಿನಪುಡಿ, ಉಪ್ಪು, ನಿಂಬೆರಸ, ತೆಂಗಿನೆಣ್ಣೆ. ಮೇ ತಿಂಗಳಾದರೆ ಮಾವಿನಕಾಯಿಯೂ. ಕಡಲ ಗಾಳಿಗೆ ಮಂಡಕ್ಕಿ ಅರ್ಧ ದಿನದಲ್ಲೇ ಮೆತ್ತಗಾಗುತ್ತದೆ, ಒಣ ಬಾಣಲೆಯಲ್ಲಿ ಎರಡು ನಿಮಿಷ ಬಿಸಿ ಮಾಡಿದರೆ ಮತ್ತೆ ಗರಿ. ಅವಲಕ್ಕಿಗೂ ಇದೇ ಉಪಾಯ. ಮಕ್ಕಳಿಗೆ ನೂಡಲ್ಸ್, ಬೇಯಿಸಿದ ಮೊಟ್ಟೆ, ಬ್ರೆಡ್ಡು ಎಲ್ಲ ಇದ್ದದ್ದೇ, ಅದನ್ನು ಹೇಳಿಕೊಡಬೇಕಾದ್ದಿಲ್ಲ.

ಸೆಕೆಯಲ್ಲಿ ಎಲ್ಲಕ್ಕಿಂತ ಬೇಗ ಕೈಕೊಡುವುದು ಕಾಯಿ. ಬೆಳಿಗ್ಗೆ ತುರಿದದ್ದು ಹೊರಗಿದ್ದರೆ ಮಧ್ಯಾಹ್ನಕ್ಕೆ ಹುಳಿ ವಾಸನೆ. ಅಂಗಡಿಯಲ್ಲೇ ಒಡೆಸಿ ತಂದು, ಪೂರ್ತಿ ತುರಿದು, ದಿನದ ಪಾಲು ಬೇರೆ ಬೇರೆ ಕಟ್ಟಿ ಮೇಲಿನ ಐಸಿನ ಖಾನೆಯಲ್ಲಿಡುತ್ತೇನೆ. ರೂಮಿನ ಸಣ್ಣ ಫ್ರಿಜ್‌ಗೆ ತುಂಬ ತುರುಕಿದರೆ ಯಾವುದೂ ತಣಿಯುವುದಿಲ್ಲ, ನೀರಿನ ಬಾಟಲಿಗಳನ್ನು ಹೊರಗಿಟ್ಟು ಹಾಲು, ಮೊಸರು, ಕಾಯಿಗೆ ಜಾಗ ಬಿಡಿ. ಬೆಲ್ಲವೂ ಒಳಗೇ ಇರಲಿ, ಕರಾವಳಿಯ ಇರುವೆಗಳಿಗೆ ಗಂಟು ಹಾಕಿದ ಪ್ಲಾಸ್ಟಿಕ್ಕು ಲೆಕ್ಕಕ್ಕಿಲ್ಲ. ಉಳಿದ ಅನ್ನವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡುವುದಿಲ್ಲ. ತಂಗಳು ತಿಂದು ಬೆಳೆದವನೇ ನಾನು, ಆದರೆ ಗಾಳಿಯಾಡದ ರೂಮಿನ ಮುಚ್ಚಿದ ಕುಕ್ಕರು ಹಳೆಯ ಮನೆಯ ಮಣ್ಣಿನ ಮಡಕೆಯಲ್ಲವಲ್ಲ.

ಹೊರಡುವ ಹಿಂದಿನ ದಿನದಿಂದ ಹಾಲು ಬಿಟ್ಟು ಏನನ್ನೂ ಕೊಳ್ಳುವುದಿಲ್ಲ. ಮೂಲೆಯಲ್ಲಿ ಉಳಿದ ಕ್ಯಾರೆಟ್, ಟೊಮೆಟೊ, ಅರ್ಧ ನೀರುಳ್ಳಿ ಎಲ್ಲ ಕೊನೆಯ ಬೆಳಗಿನ ಸಜ್ಜಿಗೆಗೆ ಹೋಗುತ್ತವೆ, ಕೊನೆಯ ಕಾಯಿತುರಿ ಅವಲಕ್ಕಿಗೆ. ಒಡೆಯದ ಪೊಟ್ಟಣಗಳನ್ನು ರೂಮು ಗುಡಿಸುವ ಅಕ್ಕನಿಗೆ, ಬೇಕಾ ಎಂದು ಕೇಳಿಯೇ ಕೊಡುತ್ತೇನೆ. ಉಪ್ಪು, ಸಕ್ಕರೆ, ಚಹಾಪುಡಿ ಡಬ್ಬಿಯಲ್ಲಿ ಅಲ್ಲೇ ಇರುತ್ತವೆ. ನಾವು ಬಂದಾಗಲೂ ಹಿಂದಿನವರು ಬಿಟ್ಟುಹೋದದ್ದು ಇದ್ದೇ ಇರುತ್ತದೆ, ಹಾಗಾಗಿ ಈಗೀಗ ಉಪ್ಪನ್ನು ಪಟ್ಟಿಯಲ್ಲಿ ಬರೆಯುವುದನ್ನೇ ಬಿಟ್ಟಿದ್ದೇನೆ.