ಗಾಂಜಾ ಪುಡಿ ಮಾಡುವ ಕೋಣೆಯಲ್ಲಿ ಧೂಳು ತಡೆದದ್ದು ಹೇಗೆ

ಪರವಾನಗಿ ಇರುವ ಗಾಂಜಾ ಘಟಕವೊಂದರಲ್ಲಿ ಕೆಲಸಗಾರರ ಸುರಕ್ಷತೆ ನನ್ನ ಜವಾಬ್ದಾರಿ. ಗಿಡ ಬೆಳೆಸುವ ಕೋಣೆಗಿಂತ ನನಗೆ ಜಾಸ್ತಿ ಚಿಂತೆ ಗ್ರೈಂಡರ್ ಕೋಣೆಯದ್ದು. ಒಣ ಹೂವನ್ನು ಪುಡಿ ಮಾಡಿ ಪ್ರೀ-ರೋಲ್‌ಗೆ, ಅಂದರೆ ಸುತ್ತಿ ಸಿದ್ಧಪಡಿಸಿದ ಗಾಂಜಾ ಸಿಗರೇಟಿಗೆ, ತುಂಬುವಾಗ ನುಣ್ಣನೆ ಧೂಳು ಏಳುತ್ತದೆ. ಅದರಲ್ಲಿರುವ ಗಿಡದ ಪ್ರೋಟೀನ್‌ಗಳು ಕೆಲವರಿಗೆ ಅಲರ್ಜಿ ತರುತ್ತವೆ. 2022ರ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥದ್ದೇ ಕೆಲಸದಲ್ಲಿದ್ದ ಯುವತಿಯೊಬ್ಬರು ಅಸ್ತಮಾದಿಂದ ತೀರಿಕೊಂಡರು. ಕೆಲಸಕ್ಕೆ ಸೇರುವ ಮುಂಚೆ ಅವರಿಗೆ ಅಸ್ತಮಾ ಇರಲೇ ಇಲ್ಲ. ಅದನ್ನು ಓದಿದ ಮೇಲೆ ಸುಮ್ನೆ ಕೂರಲು ನನಗೆ ಆಗಲಿಲ್ಲ.

ಮಾಸ್ಕ್ ಹಂಚಿದರೆ ಮುಗೀತು ಅನ್ನುವವರೇ ಹೆಚ್ಚು. ನಾನು ಧೂಳು ಏಳುವ ಜಾಗದಿಂದಲೇ ಶುರು ಮಾಡಿದೆ. ಕೋಣೆಯ ದೀಪ ಮಂದ ಮಾಡಿ, ಗ್ರೈಂಡರ್‌ನ ಪಕ್ಕದಿಂದ ಟಾರ್ಚ್ ಹಾಯಿಸಿದೆ. ಯಂತ್ರ ತಿರುಗುವಾಗ ಅಷ್ಟೇನಿಲ್ಲ. ನಿಲ್ಲಿಸಿ ಮುಚ್ಚಳ ತೆಗೆದ ಕೂಡಲೇ ಧೂಳು ಭುಸ್ಸನೆ ಎದ್ದು, ಬಗ್ಗಿ ನಿಂತವರ ಮುಖಕ್ಕೇ ಬಂತು! ಬರಿಗಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಮುಚ್ಚಳದ ಬಾಯಿಗೆ ಹತ್ತಿರದಲ್ಲೇ ಗಾಳಿ ಎಳೆಯುವ ಕೊಳವೆ ಹಾಕಿಸಿದೆವು. ಯಂತ್ರ ನಿಂತ ಮೇಲೂ ಸ್ವಲ್ಪ ಹೊತ್ತು ಅದು ಓಡಬೇಕು, ಆಮೇಲೆ ಮುಚ್ಚಳ ತೆಗೆಯಬೇಕು.

ಪೊರಕೆ, ಕಂಪ್ರೆಸರ್ ಗಾಳಿ ಎರಡನ್ನೂ ನಿಲ್ಲಿಸಿದೆವು. ಈಗ ನುಣ್ಣನೆ ಧೂಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್, ಒದ್ದೆ ಬಟ್ಟೆ ಅಷ್ಟೇ. ಸಾಮಾನ್ಯ ವ್ಯಾಕ್ಯೂಮ್ ನುಣ್ಣನೆ ಧೂಳನ್ನು ಹಿಂದಿನಿಂದ ಮತ್ತೆ ಕೋಣೆಗೇ ಬಿಡುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಕೊಟ್ಟೆವು. ಇಷ್ಟಾದ ಮೇಲೆ ಎನ್95 ಮಾಸ್ಕ್, ಅದೂ ಪ್ರತಿಯೊಬ್ಬರ ಮುಖಕ್ಕೆ ಕೂರುತ್ತದಾ ಅಂತ ಪರೀಕ್ಷಿಸಿ. ಗಡ್ಡ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ.

‘ಹುಷಾರಿದ್ದೀರಾ?’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಅಲ್ವಾ? ಅದಕ್ಕೆ ‘ರಜೆ ದಿನ ಉಸಿರು ಹಗುರಾಗುತ್ತದಾ?’ ಅಂತ ಕೇಳಿದೆ. ಹೂವು ಟ್ರಿಮ್ ಮಾಡುವ ಒಬ್ಬರು ತಟ್ಟನೆ ಹೌದೆಂದರು. ಮೊದಲು ಮೂಗು ಸೋರುವುದು, ಕೈಯಲ್ಲಿ ದದ್ದು. ಈಚೆಗೆ ಸಂಜೆಯಾದರೆ ಎದೆ ಬಿಗಿತ, ಕೆಮ್ಮು. ಅವರನ್ನು ಅವತ್ತೇ ಆ ಕೆಲಸದಿಂದ ತೆಗೆದು ಡಾಕ್ಟರ್ ಹತ್ತಿರ ಕಳಿಸಿದೆ. ಕೆಲಸದ ದಿನಗಳಲ್ಲೂ ರಜೆಯಲ್ಲೂ ಪೀಕ್ ಫ್ಲೋ ಮೀಟರ್ (ಉಸಿರನ್ನು ಎಷ್ಟು ಜೋರಾಗಿ ಹೊರಬಿಡಬಹುದು ಅಂತ ಅಳೆಯುವ ಸಾಧನ) ಊದಿ ಬರೆದಿಡಲು ಡಾಕ್ಟರ್ ಹೇಳಿದರು. ಎರಡರ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಇನ್ಹೇಲರ್‌ನಿಂದ ಆರಾಮಾದ ಮೇಲೆ ವಾಪಸ್ ಬರುತ್ತೇನೆ ಅಂದರು. ನಾನು ಒಪ್ಪಲಿಲ್ಲ. ಒಮ್ಮೆ ಅಲರ್ಜಿ ಬೇರೂರಿದರೆ ಚೂರು ಧೂಳೂ ಸಾಕು, ಉಬ್ಬಸ ಕೆರಳಿಸಲು. ಅವರೀಗ ಧೂಳಿಲ್ಲದ ವಿಭಾಗದಲ್ಲಿ ಲೆಕ್ಕ ನೋಡುತ್ತಾರೆ, ಸಂಬಳ ಮುಂಚಿನಷ್ಟೇ. ಸಂಬಳಕ್ಕಾಗಿ ನಾನು ಆಡಳಿತದವರ ಜೊತೆ ಹಟ ಹಿಡಿದೆ. ಕಾಯಿಲೆ ಹೇಳಿಕೊಂಡವರ ಸಂಬಳ ಕಡಿತವಾದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.